ಬೋರ್ಡ್ ಬೇಡದ ಮಾಸ್ತರು

ಬಿ.ಇಡಿ. ಓದುವಾಗ ಪಾಠ ಮಾಡಲೆಂದು ಕದ್ರಾದಿಂದ ಬಸ್ಸಿನಲ್ಲಿ ಒಂದು ಶಾಲೆಗೆ ಹೋಗುತ್ತಿದ್ದೆ. ಹುಡುಗನೊಬ್ಬ ನೋಟ್ಸ್ ಬರೆಯುತ್ತಲೇ ಇರಲಿಲ್ಲ. ಸೋಮಾರಿ ಎಂದು ಗದರಿದೆ. ಅವನಿಗೆ ಬೋರ್ಡ್ ಮೇಲಿನ ಅಕ್ಷರ ಮಸುಕು ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಆ ನಾಚಿಕೆಯಲ್ಲೇ ಗದಗದ ಪಂಚಾಕ್ಷರ ಗವಾಯಿಗಳ ಬಗ್ಗೆ ಓದತೊಡಗಿದೆ.

ಅವರು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹೆಸರು ಗದಿಗೆಯ್ಯ. ಹುಟ್ಟುಗುರುಡು. ಸಹೋದರ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಇಬ್ಬರ ಕಂಠ ಮೆಚ್ಚಿದ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತ ಕಲಿಸುವ ಹೊಣೆ ಹೊತ್ತರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು, ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ. ಎರಡರಲ್ಲೂ ಪಳಗಿದವರು ಆಗ ಎಷ್ಟು ಜನರಿದ್ದರು? ಕಛೇರಿ ಮಾಡಿಕೊಂಡೇ ಆರಾಮಾಗಿ ಇರಬಹುದಿತ್ತು.

ಅವರು ಶಾಲೆ ಕಟ್ಟಿದರು. ಅದಕ್ಕೆ ಕಟ್ಟಡವೇ ಇರಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತುವ ಶಾಲೆ ಅದು. ತಂಗಿದಲ್ಲಿ ಊಟ, ಪಾಠ, ಹಾಡು. ಕಣ್ಣಿಲ್ಲದ ಗುರುವಿಗೆ ಬೋರ್ಡ್ ಬೇಕಿರಲಿಲ್ಲ. ಗುರು ಹಾಡಿದ್ದನ್ನು ಶಿಷ್ಯ ತಿರುಗಿ ಹಾಡಬೇಕು, ತಪ್ಪಿದರೆ ಮತ್ತೆ ಮೊದಲಿಂದ. ಹಾಡು, ತಬಲಾ, ಹಾರ್ಮೋನಿಯಂ, ಯಾವುದು ಕೈಗೆ ದಕ್ಕಿದರೂ ಆ ಮಗುವಿಗೆ ಮುಂದೆ ಅದೇ ಅನ್ನ. ನೌಕರಿ ಅರ್ಜಿ ತುಂಬುತ್ತಿರುವ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಹೀಗೆ ಬಂದ ಮಕ್ಕಳಲ್ಲಿ ಒಬ್ಬರು, ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಪುಟ್ಟರಾಜರು. ಕಣ್ಣಿದ್ದವರೂ ಅದೇ ಚಾಪೆಯ ಮೇಲೆ ಕೂತು ಕಲಿತರು. ಬಸವರಾಜ ರಾಜಗುರು ಅಂಥವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರು ವರ್ಷಗಳ ಉತ್ಸವ. ಹದಿಹರೆಯದ ರಾಜಗುರು ಮೊದಲ ಸಲ ದೊಡ್ಡ ವೇದಿಕೆ ಏರಿದರು. ತಬಲಾ ಸಾಥ್ ಕೊಡಲು ಪಕ್ಕದಲ್ಲಿ ಕೂತವರು ಸ್ವತಃ ಗವಾಯಿಗಳು. ಗುರು ಶಿಷ್ಯನ ಹಿಂದೆ ತಾಳ ಹಿಡಿದು ಹೋಗುವುದು! ನಮ್ಮ ಬಿ.ಇಡಿ. ಪುಸ್ತಕಗಳಲ್ಲಿ ಇದಕ್ಕೆ ಉದ್ದನೆಯ ಹೆಸರೊಂದು ಇರಬಹುದು.

ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಆ ಶಾಲೆ ನೆಲೆ ನಿಂತದ್ದು 1942ರಲ್ಲಿ. ಎರಡೇ ವರ್ಷ, 1944ರ ಜೂನ್‌ನಲ್ಲಿ ಗವಾಯಿಗಳು ತೀರಿಕೊಂಡರು. ಆಗ ಪುಟ್ಟರಾಜರಿಗೆ ಮೂವತ್ತು ವರ್ಷ. ಆಶ್ರಮದ ಒಲೆ ಉರಿಯಲು ನಾಟಕ ಕಂಪನಿ ನಡೆಸಿದರು, ಬ್ರೈಲ್ ಲಿಪಿಯಲ್ಲಿ ಬರೆದರು, 2010ರಲ್ಲಿ ಕಣ್ಮುಚ್ಚುವವರೆಗೂ ಕಲಿಸಿದರು.

ನಾನು ಗದರಿದ ಹುಡುಗನನ್ನು ಆಮೇಲೆ ಮುಂದಿನ ಬೆಂಚಿಗೆ ಕರೆದೆ. ಬೋರ್ಡ್ ಮೇಲೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಲೇ ಬರೆದೆ. ಪರೀಕ್ಷೆಗೆ ಇನ್ನು ನಾಲ್ಕು ದಿನ ಉಳಿದಿತ್ತು.