ಆಲಿವರ್ ಹೆವಿಸೈಡ್ ಮಹಾಶಯ

ದೂರದ ಸಭಾಮಂದಿರದಲ್ಲಿ ನಡೆಯುವ ಗಾಯನವನ್ನಾಗಲಿ ಭಾಷಣವನ್ನಾಗಲಿ ತಂತಿಯ ಮೂಲಕ ರೇಡಿಯೋ ನಿಲಯಕ್ಕೆ ತಂದು ಪ್ರಸಾರ ಮಾಡುವ ಕಾರ್ಯವು ಮನೆಯಲ್ಲಿ ಕುಳಿತು ಕೇಳುವವರಿಗೆ ತೋರುವಷ್ಟು ಸುಲಭವಾದುದಲ್ಲ. ಮೈಕ್ರೊಫೋನಿನಿಂದ ಹೊರಡುವ ವಿದ್ಯುತ್ತು ಅತಿ ಕ್ಷೀಣವಾದುದು. ಅದನ್ನು ಬಲಪಡಿಸಿ ತಂತಿಗೆ ಒಪ್ಪಿಸಿ, ನಿಲಯದ ಯಂತ್ರವು ಸ್ವೀಕರಿಸಬಲ್ಲ ಪ್ರಮಾಣದಲ್ಲಿಯೇ ತಲಪಿಸಬೇಕು. ಪ್ರಮಾಣವು ಮಿತಿಮೀರಿದರೆ ಧ್ವನಿ ಒಡೆಯುವುದು. ಕಡಮೆಯಾದರೆ ತಂತಿಯ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುವುದು. ಇಷ್ಟೂ ಸಾಲದು. ಕೊಡುವ ಯಂತ್ರ, ಒಯ್ಯುವ ತಂತಿ, ಕೊಳ್ಳುವ ಯಂತ್ರ, ಈ ಮೂರರ ಇಂಪೀಡೆನ್ಸ್, ಎಂದರೆ ಅಲೆಯಾಡುವ ವಿದ್ಯುತ್ಪ್ರವಾಹಕ್ಕೆ ಪ್ರತಿಯೊಂದೂ ಒಟ್ಟಿನಲ್ಲಿ ಒಡ್ಡುವ ತಡೆಯು, ಪರಸ್ಪರ ಹೊಂದಿಕೊಳ್ಳಬೇಕು. ಇದಕ್ಕಾಗಿಯೇ ಎಂಜಿನಿಯರುಗಳು 600 ಓಮುಗಳ ತಡೆಯನ್ನೂ ಒಂದು ಮಿಲಿವಾಟ್ ಶಕ್ತಿಯನ್ನೂ ಅಳತೆಗೋಲಾಗಿ ಇಟ್ಟುಕೊಂಡರು. 600 ಓಮುಗಳ ತಡೆಯಲ್ಲಿ ಆ ಶಕ್ತಿಗೆ 0.775 ವೋಲ್ಟು ಬೇಕಾಗುವುದು. 600 ಓಮುಗಳ ಯಂತ್ರವೊಂದು ತನಗೆ ಸಮಾನವಾದ ತಡೆಗೆ ಕೊಡುವ ವೋಲ್ಟೇಜಿಗಿಂತ, ಬಹು ಹೆಚ್ಚಿನ ತಡೆಯುಳ್ಳ ಯಂತ್ರಕ್ಕೆ ಸುಮಾರು ಎರಡರಷ್ಟನ್ನು ಕೊಡುವುದು. 600 ಓಮುಗಳ ಎರಡು ಯಂತ್ರಗಳನ್ನು ಒಟ್ಟಿಗೆ ಅದಕ್ಕೆ ತಗುಲಿಸಿದರೆ ಮೂರರಲ್ಲಿ ಎರಡು ಪಾಲಿಗೆ ಇಳಿಯುವುದು. ಇದನ್ನು ಅರಿಯದವನು ಮೀಟರಿನ ಮುಳ್ಳನ್ನು ನೋಡಿ ಮೋಸಹೋಗುವನು.

ಇಂಪೀಡೆನ್ಸ್ ಎಂಬ ಈ ಶಬ್ದವನ್ನು 1886ರಲ್ಲಿ ಸೃಷ್ಟಿಸಿದವನು ಆಲಿವರ್ ಹೆವಿಸೈಡ್. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ಹತ್ತದ ತಂತಿ ಕಚೇರಿಯ ನೌಕರನೊಬ್ಬನು ಇಲಾಖೆಯ ಪ್ರಭುಗಳಿಗೆ ತಿಳಿಯದಿದ್ದುದನ್ನು ತಿಳಿದು ಪಟ್ಟ ಪಾಡು ನಮ್ಮ ವಾಚಕರಿಗೆ, ವಿಶೇಷವಾಗಿ ಅಧಿಕಾರಿವರ್ಗದವರಿಗೆ, ಪರಿಚಿತವಾಗಿರಬೇಕೆಂದು ನಾವು ಭಾವಿಸುತ್ತೇವೆ.

ಈತನು 1850ನೆಯ ಮೇ 18ರಂದು ಲಂಡನಿನ ಕ್ಯಾಂಡನ್ ಟೌನಿನಲ್ಲಿ ಜನಿಸಿದನು. ತಂದೆ ಮರದ ಅಚ್ಚುಗಳನ್ನು ಕೆತ್ತುವ ಶಿಲ್ಪಿ, ಮನೆಯಲ್ಲಿ ಬಡತನ. ಬಾಲ್ಯದಲ್ಲಿ ಬಂದ ಜ್ವರವು ಕಿವಿಯನ್ನು ಮಂದಗೊಳಿಸಿತು. ಲೋಕಕ್ಕೆ ದೂರದ ಮಾತನ್ನು ಸ್ಪಷ್ಟವಾಗಿ ಕೇಳಿಸುವ ದಾರಿಯನ್ನು ಕಂಡವನಿಗೆ ಹತ್ತಿರದ ಮಾತೇ ಸರಿಯಾಗಿ ಕೇಳಿಸುತ್ತಿರಲಿಲ್ಲ! ಹದಿನಾರನೆಯ ವಯಸ್ಸಿಗೆ ಶಾಲೆ ಮುಗಿಯಿತು. ತಂತಿವಿದ್ಯೆಯಲ್ಲಿ ಪ್ರಸಿದ್ಧನಾದ ಚಾರ್ಲ್ಸ್ ವೀಟ್‌ಸ್ಟನ್ ಈತನ ತಾಯಿಯ ಸೋದರಿಯ ಗಂಡ. ಆ ಸಂಬಂಧದ ಬಲದಿಂದಲೇ ಇರಬೇಕು, 1868ರಲ್ಲಿ ಇಂಗ್ಲೆಂಡು ಡೆನ್ಮಾರ್ಕುಗಳ ನಡುವಣ ಸಮುದ್ರತಂತಿಯ ಕಂಪನಿಯಲ್ಲಿ ಕೆಲಸ ದೊರೆಯಿತು.

ಆ ತಂತಿಯಲ್ಲಿ ಒಂದು ವಿಚಿತ್ರವಿದ್ದಿತು. ಒಂದು ದಿಕ್ಕಿನಲ್ಲಿ ಸಂಕೇತಗಳನ್ನು ಕಳುಹಬಹುದಾದ ವೇಗವು ಇನ್ನೊಂದು ದಿಕ್ಕಿನ ವೇಗಕ್ಕಿಂತ ಹೆಚ್ಚಾಗಿದ್ದಿತು. ಇತರರು ಇದನ್ನು ಕಂಡು ಸುಮ್ಮನಾದರು. ಈ ಯುವಕನು ಲೆಕ್ಕವನ್ನು ಹಾಕಿದನು. ದೋಷವು ಸಮುದ್ರದಲ್ಲಿಲ್ಲ, ಎರಡು ಕೊನೆಗಳಲ್ಲಿರುವ ತಡೆಗಳು ಸಮನಾಗಿಲ್ಲದುದೇ ಕಾರಣವೆಂದು ತೋರಿಸಿದನು. ಅಳತೆಯ ಉಪಕರಣವು ಅತಿ ಸೂಕ್ಷ್ಮವಾಗಬೇಕಾದರೆ ಬ್ಯಾಟರಿಯ ತಡೆಗೂ ಮುಳ್ಳಿನ ಯಂತ್ರದ ತಡೆಗೂ ಯಾವ ಪ್ರಮಾಣವಿರಬೇಕೆಂಬುದನ್ನು 1873ರಲ್ಲಿಯೇ ಬರೆದು ಪ್ರಕಟಿಸಿದ್ದನು. ಅಂದಿಗೆ ವಯಸ್ಸು ಇಪ್ಪತ್ತಮೂರು ಕೂಡ ತುಂಬಿರಲಿಲ್ಲ.

1874ರಲ್ಲಿ ಕೆಲಸವನ್ನು ಬಿಟ್ಟು ತಂದೆತಾಯಿಗಳ ಮನೆಯನ್ನು ಸೇರಿದನು. ಆ ಮೇಲೆ ಬದುಕಿದ್ದ ಐವತ್ತು ವರ್ಷಗಳಲ್ಲಿ ಯಾರ ಸಂಬಳವನ್ನೂ ಮುಟ್ಟಲಿಲ್ಲ. ಕೋಣೆಯ ಬಾಗಿಲನ್ನು ಹಾಕಿಕೊಂಡು ಮ್ಯಾಕ್ಸ್‌ವೆಲ್ ಪಂಡಿತನ ವಿದ್ಯುತ್ ಗ್ರಂಥವನ್ನು ಅಭ್ಯಾಸ ಮಾಡಿದನು. ಇಂದು ವಿದ್ಯಾರ್ಥಿಗಳು ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳೆಂದು ಓದುವ ರೂಪವು ಹೆಚ್ಚಾಗಿ ಈತನ ಕೈಯಿಂದಲೇ ಬಂದುದು.

ಟೆಲಿಫೋನು ಬಂದಾಗ ತೊಡಕು ಹೆಚ್ಚಿತು. ಮಾತಿನಲ್ಲಿ ಮಂದ್ರಸ್ವರವೂ ಉಂಟು, ತಾರಸ್ವರವೂ ಉಂಟು. ಉದ್ದವಾದ ತಂತಿಯಲ್ಲಿ ಇವು ಬೇರೆಬೇರೆ ವೇಗದಿಂದ ಚಲಿಸಿ ಬೇರೆಬೇರೆ ಪ್ರಮಾಣದಲ್ಲಿ ಸೊರಗುವುದರಿಂದ ಕೊನೆಗೆ ಮುಟ್ಟುವಾಗ ಮಾತು ಕಲಸಿಹೋಗುತ್ತಿತ್ತು. ಬ್ರಿಟಿಷ್ ಅಂಚೆ ತಂತಿ ಇಲಾಖೆಯಲ್ಲಿ ವಿದ್ಯುದ್ವಿಷಯಗಳಿಗೆ ಹಿರಿಯ ಅಧಿಕಾರಿಯಾಗಿದ್ದ ವಿಲಿಯಂ ಪ್ರೀಸನು ತಂತಿಯಲ್ಲಿ ಸಹಜವಾಗಿರುವ ಇಂಡಕ್ಟೆನ್ಸ್ ಗುಣವೇ ವೈರಿಯೆಂದೂ ಅದನ್ನು ಅಡಗಿಸಬೇಕೆಂದೂ ಸಾರುತ್ತಿದ್ದನು. ಹೆವಿಸೈಡನು 1887ರಲ್ಲಿ ಇದಕ್ಕೆ ತೀರ ವಿರುದ್ಧವಾದುದನ್ನು ಸಾಧಿಸಿದನು. ತಂತಿಯ ರೋಧಕ್ಕೂ ಇಂಡಕ್ಟೆನ್ಸಿಗೂ ಇರುವ ಪ್ರಮಾಣವು, ಅದರ ಸೋರಿಕೆಗೂ ವಿದ್ಯುತ್ತನ್ನು ಹಿಡಿದಿಡುವ ಗುಣಕ್ಕೂ ಇರುವ ಪ್ರಮಾಣಕ್ಕೆ ಸಮನಾದರೆ, ಎಲ್ಲ ಸ್ವರಗಳೂ ಒಂದೇ ವೇಗದಿಂದ ಹೋಗಿ ಒಂದೇ ಪ್ರಮಾಣದಲ್ಲಿ ಇಳಿಯುವುವು. ಮಾತು ಸಣ್ಣದಾದರೂ ಕೆಡುವುದಿಲ್ಲ. ಆದುದರಿಂದ ಇಂಡಕ್ಟೆನ್ಸನ್ನು ಕಳೆಯಬಾರದು, ಕೂಡಿಸಬೇಕು. ತಂತಿಯ ಕೊನೆಯಲ್ಲಿ ಅದರ ಗುಣಕ್ಕೆ ಸರಿಸಮನಾದ ತಡೆಯನ್ನಿಟ್ಟರೆ ಬಂದ ಅಲೆಯು ಪ್ರತಿಧ್ವನಿಯಂತೆ ಹಿಂದಿರುಗದೆ ಪೂರ್ತಿಯಾಗಿ ಅಲ್ಲಿಯೇ ಲೀನವಾಗುವುದೆಂಬುದನ್ನೂ ತೋರಿಸಿಕೊಟ್ಟನು.

ಈತನ ಅಣ್ಣ ಆರ್ಥರನು ಪ್ರೀಸನ ಇಲಾಖೆಯಲ್ಲಿಯೇ ಎಂಜಿನಿಯರನಾಗಿದ್ದನು. ಸೋದರರಿಬ್ಬರೂ ಸೇರಿ ಬರೆದ ಪ್ರಬಂಧವನ್ನು ಪ್ರಕಟಿಸಲು ಇಲಾಖೆಯ ಅಪ್ಪಣೆ ಬೇಕಾಗಿತ್ತು. ಪ್ರೀಸನು ಅಪ್ಪಣೆ ಕೊಡಲಿಲ್ಲ. ಈತನ ಲೇಖನಮಾಲೆಯನ್ನು ಅಚ್ಚುಹಾಕುತ್ತಿದ್ದ ಪತ್ರಿಕೆಯ ಸಂಪಾದಕನು ಅದೇ ವರ್ಷ ಸ್ಥಾನವನ್ನು ಕಳೆದುಕೊಂಡನು. ಹೊಸ ಸಂಪಾದಕನು ಮಾಲೆಯನ್ನು ನಿಲ್ಲಿಸಿದನು. ಪತ್ರಿಕಾ ವೃತ್ತಿಯಲ್ಲಿರುವ ನಮಗೆ ಈ ಭಾಗವು ಹೆಚ್ಚು ನೋವನ್ನುಂಟುಮಾಡುತ್ತದೆ. ಬ್ರಿಟಿಷರ ಇಲಾಖೆಗಳು ನಮ್ಮ ದೇಶದಲ್ಲಿ ನಡೆದುಕೊಂಡ ರೀತಿಯನ್ನು ನಾವು ಬಲ್ಲೆವು. ತಮ್ಮವನನ್ನೂ ಅವು ಬಿಡಲಿಲ್ಲವೆಂಬುದು ಅಷ್ಟಾಗಿ ತಿಳಿದಿಲ್ಲ. ಪ್ರೀಸನು ದುಷ್ಟನೆಂದು ನಾವು ಹೇಳುವುದಿಲ್ಲ. ತರುಣ ಮಾರ್ಕೋನಿಗೆ ಇಂಗ್ಲೆಂಡಿನಲ್ಲಿ ನೆರವಾದವನೂ ಅವನೇ. ಆದರೆ ಅವನಿಗೆ ಗಣಿತ ಬರುತ್ತಿರಲಿಲ್ಲ, ಅಧಿಕಾರವಿತ್ತು. ಹೆವಿಸೈಡನ ಬರವಣಿಗೆಯೂ ನಿರ್ದೋಷವಲ್ಲ. ಅದು ಕಠಿನವಾದುದು, ಪ್ರತಿಪಕ್ಷದವರನ್ನು ಅಣಕಿಸುವುದರಲ್ಲಿ ಅಳತೆಯಿಲ್ಲದುದು.

ಫಲವನ್ನು ಕೊಯ್ದವರು ಅಮೆರಿಕನರು. ತಂತಿಯ ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಸುರುಳಿಗಳನ್ನು ಸೇರಿಸುವ ಕ್ರಮಕ್ಕೆ 1900ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮೈಕಲ್ ಪ್ಯೂಪಿನ್ ಪೇಟೆಂಟ್ ಪಡೆದನು. ಟೆಲಿಫೋನ್ ಕಂಪನಿಯು ಅದಕ್ಕಾಗಿ ಅವನಿಗೆ ಲಕ್ಷಗಟ್ಟಲೆ ಡಾಲರುಗಳನ್ನು ತೆತ್ತಿತು. ಮೂಲತತ್ತ್ವವನ್ನು ಹದಿಮೂರು ವರ್ಷಗಳ ಹಿಂದೆಯೇ ಹೇಳಿದವನಿಗೆ ಅದರಲ್ಲಿ ಒಂದು ಕಾಸೂ ಬರಲಿಲ್ಲ. 1896ರಿಂದ ಸರ್ಕಾರವು ಕೊಡುತ್ತಿದ್ದ ವರ್ಷಕ್ಕೆ 120 ಪೌಂಡುಗಳ ವೇತನವೇ ಆಧಾರ.

ಮರ್ಯಾದೆಗಳು ಬಾರದೆ ಇರಲಿಲ್ಲ. 1891ರಲ್ಲಿ ರಾಯಲ್ ಸೊಸೈಟಿಯು ಈತನನ್ನು ಸದಸ್ಯನನ್ನಾಗಿ ಆರಿಸಿತು. ಮೂರು ವರ್ಷಗಳೊಳಗೆ ಅದೇ ಸಂಸ್ಥೆಯು ಈತನ ಹೊಸ ಗಣಿತಪದ್ಧತಿಯ ಮೂರನೆಯ ಪ್ರಬಂಧವನ್ನು ಹಿಂದಿರುಗಿಸಿತು. ಆ ಪದ್ಧತಿಯನ್ನು ಮುಂದೆ ಎಂಜಿನಿಯರುಗಳೆಲ್ಲರೂ ಬಳಸಿದರು. 1902ರಲ್ಲಿ ವಿಶ್ವಕೋಶವೊಂದಕ್ಕೆ ಬರೆದ ಲೇಖನದಲ್ಲಿ, ರೇಡಿಯೋ ಅಲೆಗಳು ಭೂಮಿಯ ಬಾಗನ್ನು ಅನುಸರಿಸಿ ಹೋಗುವುದಕ್ಕೆ ಮೇಲಣ ವಾಯುಮಂಡಲದಲ್ಲಿ ವಿದ್ಯುದ್ವಾಹಕವಾದ ಪದರವೊಂದಿರಬಹುದೆಂದು ಸೂಚಿಸಿದನು. ಅದೇ ವರ್ಷ ಅಮೆರಿಕೆಯಲ್ಲಿ ಕೆನ್ನೆಲಿಯೂ ಇದನ್ನೇ ಊಹಿಸಿದ್ದನು. ಆಪಲ್‌ಟನ್ ಎಂಬ ವಿಜ್ಞಾನಿಯು 1924ರ ಕೊನೆಯಲ್ಲಿ ಪ್ರಯೋಗದಿಂದ ಆ ಪದರವನ್ನು ಕಂಡುಹಿಡಿದನು. ಎರಡು ವರ್ಷಗಳ ಮುನ್ನ, 1922ರಲ್ಲಿ, ವಿದ್ಯುತ್ ಎಂಜಿನಿಯರುಗಳ ಸಂಘವು ತನ್ನ ಮೊತ್ತಮೊದಲನೆಯ ಫ್ಯಾರಡೇ ಪದಕವನ್ನು ಹೆವಿಸೈಡನಿಗೆ ಅರ್ಪಿಸಿದ್ದಿತು.

ಆ ವೇಳೆಗೆ ಈತನು ಕಿವುಡನಾದ ಒಂಟಿ ವೃದ್ಧ. ಮದುವೆಯಾಗಿರಲಿಲ್ಲ. ಟಾರ್ಕಿ ಎಂಬ ಕಡಲತೀರದ ಊರಿನ ಮನೆಯಲ್ಲಿ ಕಂಬಳಿ ಹೊದ್ದು, ಗ್ಯಾಸ್ ಕಂಪನಿಯೊಡನೆ ಬಾಕಿ ಹಣಕ್ಕಾಗಿ ಜಗಳವಾಡುತ್ತ ದಿನಗಳನ್ನು ಕಳೆಯುತ್ತಿದ್ದನು. 1925ನೆಯ ಫೆಬ್ರವರಿ 3ರಂದು ಅಲ್ಲಿಯೇ ಕಾಲವಾದನು. ಸಮೀಪದ ಪೇಂಟನ್ ಊರಿನ ಸ್ಮಶಾನದಲ್ಲಿ, ತಂದೆತಾಯಿಗಳ ಗೋರಿಯಲ್ಲಿಯೇ ಈತನನ್ನೂ ಮಣ್ಣುಮಾಡಿದರು.