ಗುಮಾಸ್ತನಾಗಲು ಬಂದ ಹುಡುಗ, ಸುರಪುರದ ಅಪ್ಪ

ಸುರಪುರದ ಬೆಟ್ಟದ ಮೇಲೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆ ಇದೆ. ಮಂಜಿಲ್ ನಮ್ಮ ಮನೆಮಾತು ಉರ್ದುವಿನ ಪದ. ದಾರಿಹೋಕರು ಇಳಿದುಕೊಳ್ಳುವ ಜಾಗಕ್ಕೂ ಕೊನೆಗೆ ಸೇರಬೇಕಾದ ಊರಿಗೂ ಅದೇ ಪದ. ಇಂಗ್ಲೆಂಡಿನ ಒಬ್ಬ ಸಾಹೇಬರ ಹೆಸರಿನ ಜೊತೆ ಈ ಪದ ಹೇಗೆ ಸೇರಿತು ಎಂದು ಚಿಕ್ಕಂದಿನಿಂದ ನನಗೆ ಕುತೂಹಲ. ಕಳೆದ ರಜೆಯಲ್ಲಿ ಯಾದಗಿರಿಯಿಂದ ಬಸ್ ಹಿಡಿದು ಶಹಾಪುರ, ಸುರಪುರ ಎರಡನ್ನೂ ನೋಡಿ ಬಂದೆ. ಅಲ್ಲಿ ಬದುಕಿದ ಫಿಲಿಪ್ ಮೆಡೋಸ್ ಟೇಲರ್ ಅವರ ಬಗ್ಗೆ ಓದಿದ್ದನ್ನೂ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಟೇಲರ್ ಅವರು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲ್‌ನಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ಹದಿನೈದನೇ ವಯಸ್ಸಿಗೆ, ಅಂದರೆ ನಮಗಿಂತ ಚಿಕ್ಕವರಿದ್ದಾಗ, ಮುಂಬಯಿಯ ಒಬ್ಬ ವರ್ತಕನ ಅಂಗಡಿಯಲ್ಲಿ ಗುಮಾಸ್ತನಾಗಲು ಹಡಗು ಹತ್ತಿದರು. 1824ರಲ್ಲಿ ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಹಂತದಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಕಾಲೇಜು ಕಾಣದ ಈ ಹುಡುಗ ಹಿಂದುಸ್ತಾನಿ, ಪರ್ಷಿಯನ್ ಕಲಿತರು. ಭೂಮಿ ಅಳೆಯುವುದು, ಕಾನೂನು, ಕಟ್ಟಡದ ಕೆಲಸ ಎಲ್ಲವನ್ನೂ ಸ್ವಂತವಾಗಿ ಕಲಿತರು.

ಇದರ ಜೊತೆಗೆ ಅವರು ಚಿತ್ರಕಾರರೂ ಆಗಿದ್ದರು. ಹೋದಲ್ಲೆಲ್ಲ ಕೋಟೆ, ಬೆಟ್ಟ, ಮಸೀದಿ, ಗುಡಿಗಳನ್ನು ಬರೆದುಕೊಳ್ಳುತ್ತಿದ್ದರು. ಅವರ ದಖನ್ನಿನ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. ಎರಡು ವರ್ಷದ ನಂತರ ಠಗ್ಗರ ಬಗೆಗಿನ ಕಾದಂಬರಿ ಬಂದು ಅವರ ಹೆಸರು ಎಲ್ಲ ಕಡೆ ಹಬ್ಬಿತು. 1840ರಲ್ಲಿ ಟಿಪ್ಪು ಸುಲ್ತಾನರ ಮೇಲಿನ ಕಾದಂಬರಿ ಬಂತು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳುಹಿಸಲಾಯಿತು. ರಾಜ ಕೃಷ್ಣಪ್ಪ ನಾಯಕರು ತೀರಿಹೋಗಿದ್ದರು. ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಮೇಲೆ ಸಾಲ, ಬಾಕಿಗಳ ಹೊರೆ, ಅರಮನೆಯೊಳಗೆ ಜಗಳ. ರಾಣಿ ಈಶ್ವರಮ್ಮನವರೊಂದಿಗೆ ಎಷ್ಟೋ ಸಲ ಭಿನ್ನಾಭಿಪ್ರಾಯ ಬಂದರೂ ಟೇಲರ್ ಅವರು ಲೆಕ್ಕಪತ್ರ ಸರಿಪಡಿಸಿದರು, ಹೊಲಗಳನ್ನು ಅಳತೆ ಮಾಡಿಸಿದರು, ರಸ್ತೆ ಹಾಕಿಸಿದರು, ಕೆರೆಗಳನ್ನು ದುರಸ್ತಿ ಮಾಡಿಸಿದರು. ಇಂದು ಸಾವಿರಾರು ಹಕ್ಕಿಗಳು ಬರುವ ಬೋನಾಳ ಕೆರೆ ನಾಯಕರ ಕಾಲದ್ದು. ಅದನ್ನು ಅಭಿವೃದ್ಧಿಪಡಿಸಿದವರಲ್ಲಿ ಇವರೂ ಒಬ್ಬರು.

ಶಹಾಪುರದ ಹತ್ತಿರ ವಿಭೂತಿಹಳ್ಳಿ ಇದೆ. ಬಯಲಿನಲ್ಲಿ ದೊಡ್ಡ ದೊಡ್ಡ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಸಾವಿರಾರು ವರ್ಷ ಹಿಂದಿನ ಜನರ ಕೆಲಸವಿದು. ಊರವರಿಗೆ ದಿನವೂ ಕಣ್ಣಿಗೆ ಬೀಳುವ ಈ ಕಲ್ಲುಗಳನ್ನು, ರಾಜನಕೋಳೂರು, ಜೇವರ್ಗಿ ಕಡೆಯ ಕಲ್ಲುಗೋರಿಗಳನ್ನು ಟೇಲರ್ ಅವರು ಅಳೆದು, ಅಗೆಸಿ, ಚಿತ್ರ ಬರೆದು, 1850ರ ದಶಕದಲ್ಲಿ ಮುಂಬಯಿಯ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾನು ಆ ಸಾಲುಗಳ ನಡುವೆ ನಡೆದಾಗ ಹತ್ತಿರದಲ್ಲಿ ಎಮ್ಮೆಗಳು ಮೇಯುತ್ತಿದ್ದವು. ನಮ್ಮ ಜಿಲ್ಲೆಯ ಕಲ್ಲು ನಮಗೆ ಬರೀ ಕಲ್ಲಾಗಿ ಕಂಡಿತಲ್ಲ ಎಂದು ನಾಚಿಕೆಯಾಯಿತು.

ಟೇಲರ್ ಅವರ ಪತ್ನಿ ಮೇರಿ 1844ರಲ್ಲಿ ತೀರಿಕೊಂಡರು. ಬೆಟ್ಟದ ಮೇಲಿನ ಬಂಗಲೆಯಲ್ಲಿ ಒಂಟಿಯಾದ ಅವರಿಗೆ ಬಾಲಕ ರಾಜನೇ ಮಗನಂತಾದ. ಹುಡುಗ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದ. ಅವನಿಗೆ ಓದು ಬರಹ ಕಲಿಸಿ, 1853ರಲ್ಲಿ ರಾಜ್ಯವನ್ನು ಅವನ ಕೈಗೆ ಒಪ್ಪಿಸಿ ಟೇಲರ್ ಅವರು ಬೇರೆ ಜಿಲ್ಲೆಗೆ ಹೋದರು.

ಆಮೇಲೆ 1857 ಬಂತು. 1858ರ ಫೆಬ್ರುವರಿಯಲ್ಲಿ ಸುರಪುರದ ಬೇಡ ಪಡೆ ಬ್ರಿಟಿಷರ ವಿರುದ್ಧ ಹೋರಾಡಿತು. ಯುವ ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದರು. ಟೇಲರ್ ಅವರು ಸೆರೆಮನೆಗೆ ಹೋದಾಗ ರಾಜರು ಅವರನ್ನು ತಬ್ಬಿಕೊಂಡು ಅತ್ತರು. ಎಲ್ಲವನ್ನೂ ಹೇಳಿಬಿಟ್ಟರೆ ಶಿಕ್ಷೆ ಕಡಿಮೆಯಾದೀತು ಎಂದು ಟೇಲರ್ ಅವರು ಬೇಡಿಕೊಂಡರೂ ರಾಜರು ಜೊತೆಗಾರರ ಹೆಸರನ್ನು ಬಿಟ್ಟುಕೊಡಲಿಲ್ಲ. ಮರಣದಂಡನೆ ಮೊದಲು ಗಡೀಪಾರಾಗಿ, ಕೊನೆಗೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಮದ್ರಾಸಿನ ಕಡೆಗೆ ಒಯ್ಯುವಾಗ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವರು ಪ್ರಾಣ ಕಳೆದುಕೊಂಡರು ಎಂದು ಟೇಲರ್ ಅವರ ಆತ್ಮಕಥೆ ಹೇಳುತ್ತದೆ. ಆಗ ಅವರ ವಯಸ್ಸು ಸುಮಾರು 24. ಅದೇ ಟೇಲರ್ ಅವರನ್ನು ಸರ್ಕಾರ ಮತ್ತೆ ಸುರಪುರದ ಆಡಳಿತಕ್ಕೆ ಕಳುಹಿಸಿತು. ಮಗನಿಲ್ಲದ ಊರಿಗೆ ಅಪ್ಪ ಬಂದಂತಾಯಿತು.

1860ರಲ್ಲಿ ಟೇಲರ್ ಅವರು ಕಾಯಿಲೆಯಿಂದ ತಮ್ಮ ದೇಶಕ್ಕೆ ಮರಳಿದರು. ಅಲ್ಲಿಯೂ ದಖನ್ನಿನ ಬಗ್ಗೆಯೇ ಬರೆದರು. ಚಾಂದ್ ಬೀಬಿಯ ಕಥೆಯೂ ಅದರಲ್ಲಿ ಸೇರಿದೆ. ಕಣ್ಣು ಮಂಜಾಗಿದ್ದರೂ ಕೊನೆಗೊಮ್ಮೆ ಹೈದರಾಬಾದಿಗೆ ಬಂದುಹೋದರು. ಹಿಂದಿರುಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು.

ಟೇಲರ್ ಮಂಜಿಲ್‌ನಿಂದ ಸುರಪುರ ಪೂರ್ತಿ ಕಾಣುತ್ತದೆ. ಅಲ್ಲಿ ನಿಂತಾಗ ನನಗೆ ಒಂದು ಪ್ರಶ್ನೆ ಬಂತು. ಟೇಲರ್ ಅವರು ಪ್ರೀತಿಸಿದ್ದು ನಿಜ, ಆದರೆ ಆ ಹುಡುಗನ ರಾಜ್ಯ ಕಳೆದ ಸರ್ಕಾರದ ನೌಕರರಾಗಿದ್ದದ್ದೂ ನಿಜ. ವಾಣಿಜ್ಯ ವಿದ್ಯಾರ್ಥಿಯಾದ ನಾನು ಎರಡೂ ಕಡೆ ಬರೆದು ನೋಡಿದೆ, ಲೆಕ್ಕ ಸರಿಹೊಂದಲಿಲ್ಲ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವುದು ಸುಳ್ಳು ಲೆಕ್ಕವಾಗುತ್ತದೆ ಎಂಬುದಷ್ಟೇ ನನಗೆ ತಿಳಿಯಿತು.

ಗೆಳೆಯರೇ, ನೀವೂ ಒಮ್ಮೆ ಹೋಗಿ ಬನ್ನಿ. ಬಂಗಲೆಯ ಮುಂದೆ ನಿಂತಾಗ ಅದನ್ನು ಕಟ್ಟಿದವರನ್ನೂ, ಹೆಸರು ಹೇಳದೆ ಹೋದ ಆ ಯುವ ರಾಜರನ್ನೂ ನೆನೆಯಿರಿ.