ಎಡ್ವರ್ಡ್ ಬಡ್: ತಗಡಿಗೆ ತ್ರಾಣವಿತ್ತವನು

ಹಳೆಯ ಮೋಟಾರು ಗಾಡಿಗಳನ್ನು ಜೀರ್ಣೋದ್ಧಾರ ಮಾಡುವವರು ಇಂದು ಯಾವ ಕಷ್ಟದೊಡನೆ ಹೆಣಗುತ್ತಿರುವರೋ, ಆ ಕಷ್ಟದ ಮೂಲಪುರುಷನೆಂದು ನಾನು ಎಡ್ವರ್ಡ್ ಗೋವನ್ ಬಡ್ ಎಂಬಾತನನ್ನು ಕರೆಯುತ್ತೇನೆ. ಇದು ನಿಂದೆಯಲ್ಲ. ಗಾಡಿಯ ಒಡಲನ್ನು ಮರದಿಂದ ಬಿಡಿಸಿ ಉಕ್ಕಿನ ತಗಡಿಗೆ ಒಪ್ಪಿಸಿದವರಲ್ಲಿ ಆತನೇ ಅಗ್ರಗಣ್ಯ. ತಗಡಿನ ಹಿಂದೆ ಬೆಸುಗೆ ಬಂದಿತು. ಬೆಸುಗೆಯ ಹಿಂದೆ ತುಕ್ಕು ಬಂದಿತು.

ಅಮೆರಿಕದ ಡೆಲವೇರ್ ಸಂಸ್ಥಾನದ ಸ್ಮರ್ನಾ ಎಂಬ ಸಣ್ಣ ಊರಿನಲ್ಲಿ 1870ರ ಡಿಸೆಂಬರಿನಲ್ಲಿ ಬಡ್ ಹುಟ್ಟಿದನು. ಊರಿನ ಯಂತ್ರಶಾಲೆಯಲ್ಲಿ ಕೈ ಪಳಗಿಸಿಕೊಂಡು, ತಾರುಣ್ಯದಲ್ಲೇ ಫಿಲಡೆಲ್ಫಿಯಾ ನಗರವನ್ನು ಸೇರಿದನು. ಅಲ್ಲಿ ತೆಳು ಉಕ್ಕನ್ನು ಅಚ್ಚಿನಲ್ಲಿ ಒತ್ತಿ ರಾಟೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಕೆಲವು ಕಾಲ, ಬಳಿಕ ರೈಲುಗಾಡಿಯ ಆಸನಗಳನ್ನು ಅದೇ ರೀತಿ ತಯಾರಿಸುತ್ತಿದ್ದ ಹೇಲ್ ಅಂಡ್ ಕಿಲ್ಬರ್ನ್ ಸಂಸ್ಥೆಯಲ್ಲಿ ಕೆಲವು ಕಾಲ ದುಡಿದನು. ಸರಿಯಾಗಿ ಮಡಿಸಿದ ತೆಳು ತಗಡು ಎಷ್ಟು ಭಾರವನ್ನು ಹೊರಬಲ್ಲುದೆಂಬ ಪಾಠ ಆತನಿಗೆ ದೊರೆತುದು ಈ ರಾಟೆ, ಆಸನಗಳಿಂದ.

ಆ ಕಾಲದ ಮೋಟಾರು ಇನ್ನೂ ಕುದುರೆಗಾಡಿಯ ಸಂತಾನವಾಗಿತ್ತು: ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆದ ಲೋಹದ ಹೊದಿಕೆ, ಒಣಗಲು ವಾರಗಟ್ಟಲೆ ಹಿಡಿಯುವ ವಾರ್ನಿಷು. 1912ರಲ್ಲಿ ಬಡ್ ಸ್ವಂತ ಕಾರ್ಖಾನೆಯನ್ನು ತೆರೆದಾಗ ದೊಡ್ಡ ಒತ್ತುಯಂತ್ರವು ಕಟ್ಟಡದಲ್ಲಿ ಹಿಡಿಸದೆ ಅದಕ್ಕೆ ಡೇರೆಯೇ ಆಶ್ರಯವಾಯಿತು. ಜೋಸೆಫ್ ಲೆಡ್ವಿಂಕ ಎಂಬ ಕುಶಲ ಯಂತ್ರಶಿಲ್ಪಿ ಆತನ ಬಲಗೈಯಾಗಿದ್ದನು. 1914ರಲ್ಲಿ ಡಾಡ್ಜ್ ಸಹೋದರರು ಪೂರ್ಣ ಉಕ್ಕಿನ ಒಡಲುಗಳನ್ನು ಕೇಳಿದರು. ಒತ್ತಿದ ತುಂಡುಗಳನ್ನು ಬೆಸೆದು ಕೂಡಿಸಿದ ಈ ಒಡಲು ಕಾವಿಗೆ ಅಂಜದ ಕಾರಣ, ಬಣ್ಣವನ್ನು ಒಲೆಯಲ್ಲಿಟ್ಟು ಬೇಗನೆ ಗಟ್ಟಿಗೊಳಿಸುವುದು ಸಾಧ್ಯವಾಯಿತು. 1924ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಇದೇ ವಿದ್ಯೆಯನ್ನು ಬಡ್‌ನಿಂದ ಪಡೆದನು.

ನಮ್ಮ ಕವಿಗಳು ಒಲವಿನ ವಿಷಯದಲ್ಲಿ ಬೆಸುಗೆಯೆಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ; ಅವರಲ್ಲಿ ತಗಡು ಬೆಸೆದವರು ವಿರಳವೆಂದು ತೋರುತ್ತದೆ. ದಪ್ಪ ಕಬ್ಬಿಣ ಬೆಂಕಿಯನ್ನು ಸಹಿಸುತ್ತದೆ. ಮಿಲಿಮೀಟರಿನಷ್ಟೇ ದಪ್ಪದ ತಗಡು ಸಹಿಸದು. ಕಾದ ಜಾಗ ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ಲೋಹ ಎಡೆಗೊಡದು. ತಣಿಯುವಾಗ ಅದು ಮೊದಲಿಗಿಂತಲೂ ಕುಗ್ಗಿ ನೆರೆಯ ತಗಡನ್ನೆಲ್ಲ ಎಳೆದು ಸುಕ್ಕುಗಟ್ಟಿಸುತ್ತದೆ. ಹೊಸ ತಗಡಿನ ಪಾಡೇ ಇದಾದರೆ ಹಳೆಯದರ ಗತಿಯೇನು? ಬೆಸೆದು ಮುಚ್ಚಿದ ಟೊಳ್ಳಿನೊಳಗೆ ನೀರು ನಿಂತು, ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣ ನಗುತ್ತಿರುವಾಗ ಒಳಗೆ ಉಕ್ಕು ಕಾಗದವಾಗಿರುತ್ತದೆ. ಅದರ ಅಂಚಿಗೆ ಹೊಸ ತೇಪೆಯನ್ನು ಬೆಸೆಯಹೊರಟರೆ ಅಂಚೇ ಉರಿದುಹೋಗಿ, ಸಣ್ಣ ತೂತು ದೊಡ್ಡದಾಗುತ್ತದೆ. ಗಟ್ಟಿ ಲೋಹ ಸಿಗುವವರೆಗೆ ನಿರ್ದಾಕ್ಷಿಣ್ಯವಾಗಿ ಕತ್ತರಿಸುವುದೊಂದೇ ದಾರಿ. ಆಮೇಲೆ ಇಲ್ಲೊಂದು ಚುಕ್ಕೆ, ಗೇಣು ದೂರದಲ್ಲಿ ಇನ್ನೊಂದು. ನಡುವೆ ತಣಿಯಲು ಬಿಡಬೇಕು. ಕುಗ್ಗಿದ ಬೆಸುಗೆಯನ್ನು ಮೆಲ್ಲನೆ ಬಡಿದು ಮತ್ತೆ ಹಿಗ್ಗಿಸಬೇಕು. ನಾನು ಷೆಡ್ಡೊಂದರಲ್ಲಿ ಈ ಕೆಲಸವನ್ನು ನೋಡುತ್ತ ನಿಂತಿದ್ದಾಗ, ಬೆಸೆಯುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚಾಗಿತ್ತು.

ಕಾವು ಕ್ಷಣಕಾಲ ಮಾತ್ರ ಇರಬೇಕೆಂಬ ಈ ಸೂತ್ರವೇ ಬಡ್‌ನ ಉತ್ತರಾರ್ಧದ ಸಾಧನೆಗೂ ತಿರುಳು. ಶೇಕಡಾ 18 ಕ್ರೋಮಿಯಂ, 8 ನಿಕಲ್ ಸೇರಿದ ತುಕ್ಕು ಹಿಡಿಯದ ಉಕ್ಕಿಗೆ ಆತ ಮನಸೋತಿದ್ದನು. ಆದರೆ ಬೆಸೆಯುವಾಗ ಕಾವು ಹೆಚ್ಚು ಹೊತ್ತು ನಿಂತರೆ ಕ್ರೋಮಿಯಂ ಇಂಗಾಲದೊಡನೆ ಕೂಡಿ, ಅಲ್ಲೇ ತುಕ್ಕಿಗೆ ಬಾಗಿಲು ತೆರೆಯುತ್ತಿತ್ತು. ಆತನ ಎಂಜಿನಿಯರ್ ಅರ್ಲ್ ರ‍್ಯಾಗ್ಸ್‌ಡೇಲ್, ಪ್ರಬಲ ವಿದ್ಯುತ್ತನ್ನು ಸೆಕೆಂಡಿನ ಅಲ್ಪಾಂಶದಷ್ಟೇ ಕಾಲ ಹರಿಸುವ ಷಾಟ್‌ವೆಲ್ಡ್ ವಿಧಾನವನ್ನು ರೂಪಿಸಿದನು. 1931ರಲ್ಲಿ ಆ ಉಕ್ಕಿನ ವಿಮಾನವೊಂದು ಹಾರಿತು. 1934ರ ಮೇ 26ರಂದು ಜೆಫಿರ್ ರೈಲು ಡೆನ್ವರಿನಿಂದ ಷಿಕಾಗೋವರೆಗಿನ 1,015 ಮೈಲಿಗಳನ್ನು 13 ಗಂಟೆ 5 ನಿಮಿಷಗಳಲ್ಲಿ ಕ್ರಮಿಸಿತು.

ಇದರ ಹಿಂದಿನ ವರ್ಷವೇ ಆತನ ಕಾರ್ಖಾನೆಯ ಕಾರ್ಮಿಕರು ತಮ್ಮ ಸಂಘಕ್ಕೆ ಮನ್ನಣೆ ಬೇಡಿ ಮುಷ್ಕರ ಹೂಡಿದ್ದರು. ಸರ್ಕಾರದ ಕಾರ್ಮಿಕ ಮಂಡಳಿ ಹೇಳಿದರೂ ಬಡ್ ಬಗ್ಗಲಿಲ್ಲ. ಉಕ್ಕನ್ನು ಬಾಗಿಸಬಲ್ಲವನ ಈ ಬಾಗದ ಮೊಂಡುತನವನ್ನು ಆತನ ಗುಣವೆಂದು ಎಣಿಸಲು ನನ್ನಿಂದ ಆಗದು.

1946ರ ನವೆಂಬರಿನಲ್ಲಿ ಬಡ್ ತೀರಿಕೊಂಡನು. ಆತನ ವಿದ್ಯೆಯ ನೆರವಿನಿಂದ 1934ರಲ್ಲಿ ಹೊರಬಂದ ಸಿಟ್ರೋಯೆನ್ ಟ್ರ್ಯಾಕ್ಷನ್ ಅವಾಂ ಕಾರು 1957ರವರೆಗೂ ತಯಾರಾಗುತ್ತಿತ್ತು. ಪ್ರತ್ಯೇಕ ಅಡಿಗಟ್ಟಿಲ್ಲದ ಆ ಕಾರಿನ ಬಲವೆಲ್ಲ ಬೆಸೆದ ತಗಡಿನಲ್ಲಿದೆ. ಅದನ್ನು ಉದ್ಧರಿಸಹೊರಟವರು ಇಂದಿಗೂ ಮೊದಲು ತಟ್ಟಿ ನೋಡುವುದು ಬಾಗಿಲಡಿಯ ಟೊಳ್ಳು ಅಂಚನ್ನು.